ಇನ್ನೂ ಅದೇ ಕಾರಾ?

ದಸರಾ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದೇ ಟಾಪಿಕ್. ಕಾರು. ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿತ್ತು, ಪೇಪರ್ ತುಂಬಾ ಅದರದ್ದೇ ಜಾಹೀರಾತು. ಅದೇ ಹೊತ್ತಿಗೆ ನಮ್ಮ ಮಾರುತಿ ಝೆನ್‌ನ ಆರ್‌ಸಿ ಈ ಡಿಸೆಂಬರ್‌ಗೆ ಮುಗಿಯುತ್ತೆ ಅನ್ನೋದು ಅಪ್ಪನಿಗೆ ನೆನಪಾಗಿದೆ. ಆಯುಧಪೂಜೆ ದಿನ ಕಾರು ತೊಳೆದು, ಬಾನೆಟ್‌ಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ತಗೊಂಡಿದ್ದಾಯ್ತು. ಮನೆಗೆ ಬಂದಿದ್ದ ದೊಡ್ಡಪ್ಪ ಅಪ್ಪನ್ನ ಕೇಳಿದ್ರು: "ಏನೋ, ಇನ್ನೂ ಅದೇ ಕಾರಾ?"

ಈ ಪ್ರಶ್ನೆ ನಮಗೆ ಹೊಸದಲ್ಲ. ಮದುವೆ ಮನೆಯ ಪಾರ್ಕಿಂಗ್‌ನಲ್ಲಿ, ದೇವಸ್ಥಾನದ ಮುಂದೆ, ತಂಗಿಯ ಕಾಲೇಜಿನ ಗೇಟ್‌ನಲ್ಲಿ ಕೇಳಿ ಕೇಳಿ ರೂಢಿಯಾಗಿದೆ. ಯಾವಾಗಲೂ ನಕ್ಕು ಸುಮ್ಮನಾಗ್ತಿದ್ವಿ. ಈ ಸಲ ಹಾಗೆ ಸುಮ್ಮನಾಗೋಕೆ ಆಗಲಿಲ್ಲ. ಡಿಸೆಂಬರ್ ಒಳಗೆ ಏನಾದರೂ ಒಂದು ತೀರ್ಮಾನ ಮಾಡಲೇಬೇಕು.

ನಾವು ಅಂದ್ರೆ ತಿಪಟೂರಿನ ಒಂದು ಮನೆಯ ಐದು ಜನ: ಅಜ್ಜಿ, ಅಪ್ಪ, ಅಮ್ಮ, ಸೆಕೆಂಡ್ ಪಿಯು ಓದ್ತಿರೋ ತಂಗಿ, ಮತ್ತೆ ಇದನ್ನ ಟೈಪ್ ಮಾಡ್ತಿರೋರು. ಕಾರು ಬಂದದ್ದು 2005ರ ಡಿಸೆಂಬರ್‌ನಲ್ಲಿ. ಆಸ್ಪತ್ರೆಯಿಂದ ನಮ್ಮಿಬ್ಬರನ್ನೂ, ಅಂದರೆ ತಂಗಿಯನ್ನೂ ಸೇರಿಸಿ, ಮನೆಗೆ ಕರ್ಕೊಂಡು ಬಂದದ್ದು ಅದೇ ಕಾರು. ಅಮ್ಮ ನಲವತ್ತೊಂದನೇ ವಯಸ್ಸಲ್ಲಿ ಡ್ರೈವಿಂಗ್ ಕಲಿತದ್ದು ಅದರಲ್ಲೇ. ನಾವು ಹಾಫ್ ಕ್ಲಚ್ ಅಂದ್ರೇನು ಅಂತ ಪುಸ್ತಕ ಓದೋಕೆ ಮುಂಚೆ ಎಡಗಾಲಿನ ಪಾದದಲ್ಲಿ ತಿಳ್ಕೊಂಡದ್ದೂ ಅದರಲ್ಲೇ. ಓಡಿರೋದು 1,62,000 ಕಿಲೋಮೀಟರ್. ನಡುದಾರಿಯಲ್ಲಿ ನಿಂತದ್ದು ಎರಡೇ ಸಲ. ಒಂದ್ಸಲ ಬ್ಯಾಟರಿ ಸತ್ತಿತ್ತು. ಇನ್ನೊಂದ್ಸಲ ಪಂಕ್ಚರ್ ಆದಾಗ ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅದು ಕಾರಿನ ತಪ್ಪಲ್ಲ, ನಮ್ಮದೇ.

ಇಂಥ ಕಾರನ್ನ ಕೊಡಬೇಕಾ, ಇಟ್ಕೋಬೇಕಾ? ಈ ಪ್ರಶ್ನೆ ನಮ್ಮ ಕಾಲೇಜಿನ ಎಷ್ಟೋ ಜನರ ಮನೆಯಲ್ಲೂ ಈಗ ನಡೀತಿದೆ ಅಂತ ಹಾಸ್ಟೆಲ್‌ನಲ್ಲಿ ಮಾತಾಡಿದಾಗ ಗೊತ್ತಾಯ್ತು. ಒಬ್ಬರ ಮನೆಯಲ್ಲಿ ಸ್ಯಾಂಟ್ರೋ, ಇನ್ನೊಬ್ಬರ ಮನೆಯಲ್ಲಿ ಹಳೇ ವ್ಯಾಗನ್ ಆರ್. ಎಲ್ಲರ ಮನೆಯಲ್ಲೂ ಎರಡು ಪಾರ್ಟಿ. ಒಂದು "ಇನ್ನೂ ಚೆನ್ನಾಗಿ ಓಡ್ತಿದೆಯಲ್ಲ" ಪಾರ್ಟಿ, ಇನ್ನೊಂದು "ಎಷ್ಟು ದಿನ ಅಂತ ಇದನ್ನೇ ಓಡಿಸ್ತೀರಾ" ಪಾರ್ಟಿ. ಎರಡೂ ಪಾರ್ಟಿಯವರು ತಪ್ಪು ಲೆಕ್ಕ ಹಾಕ್ತಿದ್ದಾರೆ ಅನ್ನೋದು ನಮ್ಮ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಈ ಬರಹ.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ ಇರುತ್ತೆ, ಆಮೇಲೆ ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. 2020ರಲ್ಲಿ ನಾವು ಒಮ್ಮೆ ಮಾಡಿಸಿದಾಗ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಲ್ಲಿ ಅದು 5,000 ಆಯ್ತು. ಈ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿತು. ಹಸಿರು ತೆರಿಗೆ ಬೇರೆ. ದೊಡ್ಡಪ್ಪ ಇದನ್ನೇ ಎತ್ತಿ ಹಿಡ್ಕೊಂಡು, "ಕಾರಿಗೇ ನಲವತ್ತೈದು ಸಾವಿರ ಬೆಲೆ ಇಲ್ಲ, ಕಾಗದಕ್ಕೆ ಹತ್ತು ಸಾವಿರ ಕೊಡ್ತೀಯಾ?" ಅಂದ್ರು. ಕೇಳೋಕೆ ಸರಿ ಅನ್ಸುತ್ತೆ. ಆದರೆ ಹತ್ತು ಸಾವಿರವನ್ನ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡು ಸಾವಿರ ಆಯ್ತು. ನಾವು ಮೆಸ್ ಬಿಟ್ಟು ಹೊರಗೆ ತಿನ್ನೋ ಖರ್ಚೇ ಅದಕ್ಕಿಂತ ಜಾಸ್ತಿ.

ಹೊಸ ಕಾರಿನ ಕಡೆ ಬನ್ನಿ. ಷೋರೂಮ್ ಬೆಲೆ ಆರು ಲಕ್ಷ ಅಂತ ಇಟ್ಕೊಳ್ಳಿ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 14. ಅಲ್ಲಿಗೇ 84,000 ಆಯ್ತು, ಅದರ ಮೇಲೆ ಸೆಸ್, ವಿಮೆ. ಐದು ಲಕ್ಷ ಸಾಲ, ಶೇ. 9 ಬಡ್ಡಿ, ಐದು ವರ್ಷ ಅಂದ್ರೆ ತಿಂಗಳ ಕಂತು ಸುಮಾರು 10,380. ಕೊನೆಗೆ ಕಟ್ಟಿರೋದು ಆರೂಕಾಲು ಲಕ್ಷದ ಹತ್ತಿರ. ಮುಂದಿನ ವರ್ಷ ತಂಗಿಯ ಅಡ್ಮಿಷನ್ ಇದೆ. ಕಂತೂ ಫೀಸೂ ಒಂದೇ ಜೇಬಿನಿಂದ ಹೋಗಬೇಕು.

"ಹೊಸ ಕಾರಾದ್ರೆ ಮೈಲೇಜ್ ಬರುತ್ತೆ, ಪೆಟ್ರೋಲಲ್ಲಿ ಉಳಿಯುತ್ತೆ" ಅನ್ನೋದು ಎಲ್ಲರ ಮಾತು. ಉಳಿಯುತ್ತೆ, ಸುಳ್ಳಲ್ಲ. ಎಷ್ಟು? ನಮ್ಮ ಕಾರು ಈಗ ವರ್ಷಕ್ಕೆ ಸುಮಾರು 5,000 ಕಿಲೋಮೀಟರ್ ಓಡುತ್ತೆ, ಲೀಟರ್‌ಗೆ 15 ಕೊಡುತ್ತೆ. ಹೊಸದು 20 ಕೊಟ್ಟರೆ ವರ್ಷಕ್ಕೆ 83 ಲೀಟರ್ ಉಳಿತಾಯ. ಲೀಟರ್‌ಗೆ 103 ರೂಪಾಯಿ ಅಂದ್ರೆ ಎಂಟೂವರೆ ಸಾವಿರ. ಇಡೀ ವರ್ಷ ಉಳಿಸಿದ್ದು ಒಂದು ತಿಂಗಳ ಕಂತಿಗೂ ಸಾಕಾಗಲ್ಲ! ಹೆಚ್ಚು ಓಡೋ ಕಾರಿಗೆ ಮೈಲೇಜ್ ಲೆಕ್ಕ ಸರಿ. ಕಡಿಮೆ ಓಡೋ ಕಾರಿಗೆ ಅದು ಬರೀ ಸಮಾಧಾನ.

ಇ20 ಪೆಟ್ರೋಲ್ ವಿಷಯ ಈಗ ಎಲ್ಲ ಕಡೆ ಚರ್ಚೆಯಲ್ಲಿದೆ, ಹಾಗಾಗಿ ಅದನ್ನೂ ಹೇಳಿಬಿಡೋಣ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಐದನೇ ಒಂದು ಭಾಗ ಎಥೆನಾಲ್ ಬೆರೆಸಿದರೆ ಒಟ್ಟು ಶಕ್ತಿ ಶೇ. 6ರಿಂದ 7ರಷ್ಟು ಇಳಿಯುತ್ತೆ. 2021ರಲ್ಲಿ ನೀತಿ ಆಯೋಗ ತಂದ ಮಾರ್ಗಸೂಚಿಯಲ್ಲೂ ಹಳೇ ಕಾರುಗಳಿಗೆ ಇದೇ ಅಂದಾಜು ಇದೆ. ಮೈಲೇಜ್‌ಗಿಂತ ಗಮನ ಕೊಡಬೇಕಾದ್ದು ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳಿಗೆ. ಎಥೆನಾಲ್‌ಗೆ ಅಂತ ಮಾಡಿರದ ರಬ್ಬರ್ ನಿಧಾನಕ್ಕೆ ಹಾಳಾಗಬಹುದು. ನಮ್ಮ ಗ್ಯಾರೇಜ್ ಅಣ್ಣ ಪೆಟ್ರೋಲ್ ಪೈಪು, ಫಿಲ್ಟರ್ ಎರಡೂ ಬದಲಾಯಿಸಿ, "ಇನ್ನು ವಾಸನೆ ಬಂದ್ರೆ ಮಾತ್ರ ತಗೊಂಡ್ಬನ್ನಿ ಸಾರ್" ಅಂದಿದ್ದಾರೆ. ಇದು ಕಾರು ಮಾರೋ ಅಷ್ಟು ದೊಡ್ಡ ಕಾರಣ ಅಲ್ಲ.

ಆಮೇಲೆ ಪರಿಸರ. ಇಲ್ಲಿ ನಮ್ಮ ಪರವಾಗಿ ಒಂದು ಮಾತು, ನಮ್ಮ ವಿರುದ್ಧ ಒಂದು ಮಾತು, ಎರಡೂ ಹೇಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 83 ಲೀಟರ್ ಉಳಿಸಿದರೆ 190 ಕೆಜಿ ಕಡಿಮೆ ಆಗುತ್ತೆ. ಆದರೆ ಒಂದು ಹೊಸ ಕಾರು ತಯಾರಾಗೋಕೆ, ಅದರ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಎಲ್ಲ ಸೇರಿ, ಟನ್‌ಗಟ್ಟಲೆ ಹೊರಬರುತ್ತೆ. ನಾಲ್ಕು ಟನ್ ಅಂತ ಹಿಡಿದರೂ ನಮ್ಮ ಓಡಾಟಕ್ಕೆ ಅದು ಸರಿದೂಗೋಕೆ ಇಪ್ಪತ್ತು ವರ್ಷ ದಾಟಬೇಕು. ಇದು ನಮ್ಮ ಪರ. ವಿರುದ್ಧದ ಮಾತು ಹೊಗೆಯದ್ದು. ನಮ್ಮ ಕಾರು ಬಿಎಸ್-3 ಕಾಲದ್ದು. ಆ ಮಾನದಂಡದಲ್ಲಿ ಪೆಟ್ರೋಲ್ ಕಾರು ಕಿಲೋಮೀಟರ್‌ಗೆ 150 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು, 2020ರಿಂದ ಬಂದ ಬಿಎಸ್-6ರಲ್ಲಿ ಬರೀ 60. ಅಂದರೆ ನಮ್ಮ ಹಿಂದೆ ಬೈಕಲ್ಲಿ ಬರ್ತಿರೋರು ಕುಡಿಯೋ ಹೊಗೆ ಹೊಸ ಕಾರಿಗಿಂತ ಎರಡೂವರೆ ಪಟ್ಟು ಕೆಟ್ಟದಿರಬಹುದು. ಎಮಿಷನ್ ಟೆಸ್ಟ್ ಪಾಸಾಗಿದೆ ಅಂತ ಈ ವ್ಯತ್ಯಾಸ ಮಾಯ ಆಗಲ್ಲ. ದೆಹಲಿಯಂಥ ಊರಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ಹಾಕಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿದದ್ದು ಇದೇ ಗಾಳಿಯ ಕಾರಣಕ್ಕೆ. ದಿನಾ ಐವತ್ತು ಕಿಲೋಮೀಟರ್ ನಗರದ ಟ್ರಾಫಿಕ್‌ನಲ್ಲಿ ಓಡೋ ಹಳೇ ಕಾರಾದರೆ ಈ ಮಾತಿಗೆ ತೂಕ ಜಾಸ್ತಿ. ವಾರಕ್ಕೆ ನಾಲ್ಕು ಸಲ ಮಾರ್ಕೆಟ್‌ಗೆ, ತೋಟಕ್ಕೆ ಹೋಗಿ ಬರೋ ಕಾರಿಗೆ ಕಡಿಮೆ.

ಇನ್ನು ಗೇರ್. ದೊಡ್ಡಪ್ಪನ ಇನ್ನೊಂದು ಅಸ್ತ್ರ ಇದು. "ಈಗೆಲ್ಲ ಆಟೋಮ್ಯಾಟಿಕ್ ಕಣೋ, ನಿನ್ನ ಮಂಡಿನೋವಿಗೆ ಅದೇ ಸರಿ." ಅಪ್ಪನ ಎಡ ಮಂಡಿ ನೋಯೋದು ನಿಜ, ಅದೂ ಬೆಂಗಳೂರಿಗೆ ಹೋಗಿ ಬಂದ ದಿನ ಮಾತ್ರ. ಸಣ್ಣ ಕಾರುಗಳಲ್ಲಿ ಸಿಗೋ ಎಎಂಟಿ ನಮ್ಮ ದೇಶಕ್ಕೆ 2014ರಲ್ಲಿ ಸೆಲೆರಿಯೋ ಜೊತೆ ಬಂತು. ಅದರ ಒಳಗಿರೋದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಹಾಕೋದು ಎರಡನ್ನೂ ನಮ್ಮ ಕೈಕಾಲಿನ ಬದಲು ಆಕ್ಚುಯೇಟರ್ ಮಾಡುತ್ತೆ, ಅಷ್ಟೇ. ಅಮ್ಮನಿಗೆ ಇದು ಬೇಡವೇ ಬೇಡ. "ಕ್ಲಚ್ ಬಿಡ್ತಾ ಕಾರು ನಡುಗುತ್ತಲ್ಲ, ಅದರಲ್ಲೇ ನಂಗೆ ಅದು ಏನ್ ಹೇಳ್ತಿದೆ ಅಂತ ಗೊತ್ತಾಗೋದು" ಅಂತಾರೆ. ನಮಗೂ ಹಾಗೇ. ಆದರೆ ಒಂದು ವಿಷಯ ಒಪ್ಪಿಕೊಳ್ಳೋಣ. ಮ್ಯಾನ್ಯುಯಲ್ ಓಡಿಸೋದು ಖುಷಿ ಅಂತ ಹಳೇ ಕಾರು ಇಟ್ಕೋಬೇಕಾಗಿಲ್ಲ, ಹೊಸ ಕಾರುಗಳಲ್ಲೂ ಮ್ಯಾನ್ಯುಯಲ್ ಸಿಗುತ್ತೆ. ಮಂಡಿನೋವು ಅಂತ ಹಳೇದನ್ನ ಮಾರಬೇಕಾಗಿಯೂ ಇಲ್ಲ, ತಿಪಟೂರಿನಲ್ಲಿ ಗಂಟೆಗಟ್ಟಲೆ ಹಾಫ್ ಕ್ಲಚ್‌ನಲ್ಲಿ ನಿಲ್ಲೋ ಸಿಗ್ನಲ್ ಇಲ್ಲ.

ಇಲ್ಲಿಗೆ ದುಡ್ಡು, ಪೆಟ್ರೋಲ್, ಗೇರ್ ಎಲ್ಲ ನೋಡಿದರೆ "ಇಟ್ಕೊಳ್ಳೋಣ" ಪಾರ್ಟಿಯೇ ಗೆದ್ದಂಗೆ. ನಾವೂ ಹಾಗೇ ಅಂದ್ಕೊಂಡಿದ್ವಿ. ಆದರೆ ಜುಲೈನಲ್ಲಿ ನಡೆದ ಒಂದು ಘಟನೆ ಯಾರೂ ಬಾಯಿ ಬಿಟ್ಟು ಹೇಳದಿದ್ರೂ ಎಲ್ಲರ ತಲೆಯಲ್ಲೂ ಇತ್ತು.

ಅಜ್ಜಿಯನ್ನ ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಚೆಕಪ್‌ಗೆ ಕರ್ಕೊಂಡು ಹೋಗಬೇಕು. ಅವತ್ತು ವಾಪಸ್ ಬರ್ತಾ ತುಮಕೂರು ದಾಟೋ ಹೊತ್ತಿಗೆ ಕತ್ತಲಾಗಿತ್ತು, ಜಿಟಿಜಿಟಿ ಮಳೆ. ಗುಬ್ಬಿ ಆದಮೇಲೆ ರಸ್ತೆ ಪಕ್ಕದಲ್ಲಿ, ಅರ್ಧ ರಸ್ತೆ ಮೇಲೇ, ಒಂದು ಲಾರಿ ನಿಂತಿತ್ತು. ಹಿಂದಿನ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಅಪ್ಪ ಬ್ರೇಕ್ ಒತ್ತಿದ್ರು. ಚಕ್ರಗಳು ಲಾಕ್ ಆದವು, ಕಾರು ನೀರಿನ ಮೇಲೆ ಸೋಪಿನ ಥರ ಜಾರಿತು. ಸ್ಟೀರಿಂಗ್ ತಿರುಗಿಸಿದ್ರೂ ಕಾರು ತಿರುಗಲಿಲ್ಲ. ಅಪ್ಪ ಹೇಗೋ ಬ್ರೇಕ್ ಬಿಟ್ಟು ಮತ್ತೆ ಒತ್ತಿದ್ರು, ಕಾರು ಬಲಕ್ಕೆ ಎಳೆಯಿತು. ಲಾರಿಯ ಮೂಲೆಗೂ ನಮ್ಮ ಎಡಗಡೆ ಕನ್ನಡಿಗೂ ಒಂದು ಗೇಣು. ಎದುರಿನಿಂದ ಯಾವ ಗಾಡಿಯೂ ಬರ್ತಿರಲಿಲ್ಲ, ಅದೊಂದೇ ಪುಣ್ಯ. ಹಿಂದಿನ ಸೀಟಲ್ಲಿದ್ದ ಅಜ್ಜಿ ಬೆಲ್ಟ್ ಹಾಕಿರಲಿಲ್ಲ, ಮುಂದಿನ ಸೀಟಿಗೆ ಬಂದು ಬಿದ್ದು ಮುಂಗೈ ಊದಿಕೊಂಡಿತ್ತು. ನಾವು ಕಾಲೇಜಲ್ಲಿದ್ವಿ, ಒಂದು ವಾರ ಆದಮೇಲೆ ತಂಗಿ ಫೋನಲ್ಲಿ ಹೇಳಿದಳು.

ಊರಿಗೆ ಹೋದಾಗ ಕೇಳಿದ್ರೆ ಅಪ್ಪ ಹೇಳಿದ್ದು ಇಷ್ಟು: "ಕಾರು ನಂಬಿಕಸ್ಥ ಕಣೋ, ಕೈಬಿಡಲಿಲ್ಲ ನೋಡು." ನಮಗೆ ಆ ಮಾತು ಅಲ್ಲೇ ಕೊರೆಯೋಕೆ ಶುರುವಾಯ್ತು. ಯಾಕಂದ್ರೆ ಅವತ್ತು ಕೈಬಿಡದೇ ಇದ್ದದ್ದು ಅಪ್ಪನ ಕಾಲು, ಖಾಲಿ ಇದ್ದ ರಸ್ತೆ. ಕಾರು ತನ್ನ ಕೈಲಾದ್ದನ್ನ ಮಾಡಿತ್ತು, ಅದು ಸಾಕಾಗಿರಲಿಲ್ಲ.

ನಂಬಿಕಸ್ಥ ಅನ್ನೋ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ವಿಷಯ ತುಂಬಿಸಿಬಿಟ್ಟಿದ್ದೀವಿ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ, ದಾರಿಯಲ್ಲಿ ನಿಲ್ಲಲ್ಲ, ಇದು ಒಂದು ನಂಬಿಕೆ. ಇನ್ಯಾರದೋ ತಪ್ಪಿಗೆ ಏನಾದರೂ ಆದಾಗ ಒಳಗೆ ಕೂತಿರೋರನ್ನ ಉಳಿಸುತ್ತೆ, ಇದು ಇನ್ನೊಂದು. ಮೊದಲನೇದರಲ್ಲಿ ನಮ್ಮ ಝೆನ್‌ಗೆ ನೂರಕ್ಕೆ ತೊಂಬತ್ತೈದು ಮಾರ್ಕ್ಸ್ ಕೊಡಬಹುದು. ಎರಡನೇದರ ಪರೀಕ್ಷೆ ಇಪ್ಪತ್ತು ವರ್ಷದಲ್ಲಿ ನಡೆದೇ ಇರಲಿಲ್ಲ. ಪರೀಕ್ಷೆ ನಡೆದಿಲ್ಲ ಅನ್ನೋದನ್ನೇ ನಾವು ಪಾಸ್ ಅಂದ್ಕೊಂಡಿದ್ವಿ.

ಎರಡನೇದರಲ್ಲಿ ಅದಕ್ಕೆ ಎಷ್ಟು ಮಾರ್ಕ್ಸ್ ಬರಬಹುದು? ಝೆನ್ ನಮ್ಮ ದೇಶದಲ್ಲಿ ಬಂದದ್ದು 1993ರಲ್ಲಿ, ನಿಂತದ್ದು 2006ರಲ್ಲಿ. ನಮ್ಮ ಕಾರಿನ ಮುಖ ಬದಲಾಗಿದ್ರೂ ಅಸ್ಥಿಪಂಜರ ಆ ಕಾಲದ್ದೇ. ನಮ್ಮ ಮಾಡೆಲ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ದೇಶದಲ್ಲಿ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ, ಪಕ್ಕದ ಸೀಟಿನ ಏರ್‌ಬ್ಯಾಗ್ 2021ರ ಕೊನೆಗೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಇಲ್ಲಿನ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನ ಗುದ್ದಿಸಿ ನೋಡಿದಾಗ ಐದಕ್ಕೂ ಬಂದದ್ದು ಸೊನ್ನೆ ಸ್ಟಾರ್. ಅವು ಆಗಿನ ಹೊಚ್ಚ ಹೊಸ ಕಾರುಗಳು. ನಮ್ಮದು ಅವುಗಳಿಗಿಂತಲೂ ಹಿಂದಿನ ತಲೆಮಾರು.

"ಹೊರಗಡೆಯಿಂದ ಹಾಕಿಸೋಕೆ ಆಗಲ್ವಾ?" ಅಂತ ತಂಗಿ ಕೇಳಿದಳು. ಆಗಲ್ಲ. ಏರ್‌ಬ್ಯಾಗ್ ಅಂದ್ರೆ ಬರೀ ಒಂದು ಚೀಲ ಅಲ್ಲ. ಡಿಕ್ಕಿ ಎಷ್ಟು ಜೋರಾಗಿದೆ ಅಂತ ಅಳೆಯೋ ಸೆನ್ಸರ್, ಸೆಕೆಂಡಿನ ನೂರನೇ ಭಾಗಗಳಲ್ಲಿ ತೀರ್ಮಾನ ಮಾಡೋ ಕಂಟ್ರೋಲ್ ಯೂನಿಟ್, ಅದಕ್ಕೆ ಹೊಂದೋ ಬೆಲ್ಟ್, ಮುಂಭಾಗ ಮಡಚಿಕೊಂಡು ಹೊಡೆತ ನುಂಗೋ ಬಾಡಿ, ಇಷ್ಟೂ ಒಟ್ಟಿಗೆ ಡಿಸೈನ್ ಆಗಿರಬೇಕು. ಬೇರೆ ಬೇರೆ ಅಂಗಡಿಯಿಂದ ತಂದು ಜೋಡಿಸೋ ವಸ್ತು ಅಲ್ಲ ಅದು.

ಹಾಗಾದ್ರೆ ಮಾರಲೇಬೇಕಾ? ಇಲ್ಲೇ ನಾವು ಎಂಜಿನಿಯರಿಂಗ್ ಓದಿದ್ದಕ್ಕೆ ಸ್ವಲ್ಪ ಉಪಯೋಗ ಆಯ್ತು. ಯಾವುದೇ ಯಂತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆ "ಇದಕ್ಕೆ ಎಷ್ಟು ವಯಸ್ಸು" ಅನ್ನೋದಲ್ಲ, "ಇದರಿಂದ ಏನು ಕೆಲಸ ಮಾಡಿಸ್ತಿದ್ದೀವಿ" ಅನ್ನೋದು. ವೇಗ ಹಾಕಿ ನೋಡೋಣ. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22 ಮೀಟರ್. ಒದ್ದೆ ರಸ್ತೆಯಲ್ಲಿ ಘರ್ಷಣಾ ಗುಣಾಂಕ 0.4 ಅಂತ ಹಿಡಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ 63 ಮೀಟರ್ ಬೇಕು. ಕಣ್ಣಿಗೆ ಕಂಡು ಕಾಲು ಒತ್ತೋ ಒಂದು ಸೆಕೆಂಡ್ ಸೇರಿಸಿದರೆ 85 ಮೀಟರ್. 50ರ ವೇಗದಲ್ಲಿ ಅದೇ ಲೆಕ್ಕ 39 ಮೀಟರ್. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ 80ರಲ್ಲಿ ಆಗೋ ಹೊಡೆತದ ಶಕ್ತಿ 50ರದ್ದಕ್ಕಿಂತ ಎರಡೂವರೆ ಪಟ್ಟು. ಅದೇ ಕಾರು, ಅದೇ ಬ್ರೇಕು. ಊರೊಳಗೆ ಓಡಿಸಿದರೆ ಅಪಾಯ ತುಂಬಾ ಕಡಿಮೆ. ಮಳೆಗಾಲದ ರಾತ್ರಿ ಹೈವೇಗೆ ತಗೊಂಡು ಹೋದರೆ ಜೂಜು.

ಆಮೇಲೆ ಅಪ್ಪನ ಜೊತೆ ಕೂತು ಒಂದು ವರ್ಷದ ಓಡಾಟ ಬರೆದು ನೋಡಿದ್ವಿ. ಅಂಗಡಿ, ಮಾರ್ಕೆಟ್, ತೋಟ, ತಂಗಿಯ ಟ್ಯೂಷನ್, ನೆಂಟರ ಮನೆ. ಇವೆಲ್ಲ ಊರಿನ ಸುತ್ತ, 50 ದಾಟದ ವೇಗದಲ್ಲಿ ಆಗೋ ಕೆಲಸ. ಹೈವೇಯಲ್ಲಿ ಹೋಗಲೇಬೇಕಾದ್ದು ವರ್ಷಕ್ಕೆ ಆರು ಸಲ, ಅದೂ ಅಜ್ಜಿಯ ಆಸ್ಪತ್ರೆಗೆ. ಅಂದರೆ ಹೊಸ ಕಾರು ನಮಗೆ ನಿಜವಾಗಿ ಬೇಕಾಗಿರೋದು ವರ್ಷಕ್ಕೆ ಆರು ದಿನ! ಏರ್‌ಬ್ಯಾಗ್, ಎಬಿಎಸ್ ಇರೋ ಟ್ಯಾಕ್ಸಿ ಹಿಡಿದರೆ ಹೋಗಿ ಬರೋಕೆ ಸುಮಾರು ನಾಲ್ಕು ಸಾವಿರ. ಆರು ಸಲಕ್ಕೆ 24,000. ಕಂತಿನ ಲೆಕ್ಕದಲ್ಲಿ ಇದು ಮೂರು ತಿಂಗಳಿಗೂ ಕಡಿಮೆ. ಅಜ್ಜಿ ಇಲ್ಲದೆ ಅಪ್ಪ ಒಬ್ಬರೇ ಹೋಗೋದಾದ್ರೆ ರೈಲಿದೆ, ತಿಪಟೂರು ಬೆಂಗಳೂರು–ಹುಬ್ಬಳ್ಳಿ ಲೈನಿನಲ್ಲೇ ಇದೆ.

ಹಾಗಾಗಿ ನಮ್ಮ ಮನೆಗೆ ನಮ್ಮ ಓಟು ಇದು: ಹತ್ತು ಸಾವಿರ ಕಟ್ಟಿ ಆರ್‌ಸಿ ನವೀಕರಿಸೋಣ, ಕಾರು ಇಟ್ಕೊಳ್ಳೋಣ, ಆದರೆ ಅದನ್ನ ಹೈವೇಯಿಂದ ನಿವೃತ್ತಿ ಮಾಡಿಸೋಣ. ಹಿಂದಿನ ಸೀಟಲ್ಲೂ ಬೆಲ್ಟ್ ಹಾಕೋಣ, ಬೆಲ್ಟ್ ಇಪ್ಪತ್ತು ವರ್ಷದಿಂದ ಅಲ್ಲೇ ಇದೆ, ಸೀಟ್ ಕವರ್ ಕೆಳಗೆ ಸೇರ್ಕೊಂಡಿತ್ತು ಅಷ್ಟೇ. ಟೈರ್ ಸವೆದಿಲ್ಲ ಅಂತ ಬಿಡದೆ ಅದರ ವಯಸ್ಸು ನೋಡೋಣ. ಟೈರಿನ ಪಕ್ಕದಲ್ಲಿ ಇರೋ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 3116 ಅಂತಿತ್ತು. 2016ರ ಮೂವತ್ತೊಂದನೇ ವಾರ! ಅವತ್ತು ಮಳೆಯಲ್ಲಿ ಜಾರಿದ್ದಕ್ಕೆ ಒಂಬತ್ತು ವರ್ಷ ಗಟ್ಟಿಯಾದ ಆ ರಬ್ಬರೂ ಕಾರಣ ಇರಬಹುದು. ನಾಲ್ಕೂ ಬದಲಾಯಿಸಿದ್ದಾಯ್ತು. ಕಂತಿಗೆ ಅಂತ ಹೋಗಬಹುದಾಗಿದ್ದ ದುಡ್ಡಲ್ಲಿ ತಿಂಗಳಿಗೆ ಆದಷ್ಟನ್ನ ಆರ್‌ಡಿಗೆ ಹಾಕೋಣ. ತಂಗಿಯ ಓದು ಒಂದು ದಡ ಸೇರಿದ ಮೇಲೆ ಕಾರು ತಗೊಳ್ಳೋಣ, ಆಗ ಟಚ್‌ಸ್ಕ್ರೀನ್ ಸೈಜ್ ಕೇಳೋಕೆ ಮುಂಚೆ ಕ್ರ್ಯಾಶ್ ಟೆಸ್ಟ್ ಸ್ಟಾರ್ ಕೇಳೋಣ. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಅಂತ ನಮ್ಮದೇ ಪರೀಕ್ಷೆ ಇದೆ.

ಇದು ಎಲ್ಲರ ಮನೆಗೂ ಉತ್ತರ ಅಲ್ಲ. ನಿಮ್ಮ ಅಪ್ಪನೋ ಅಮ್ಮನೋ ಹಳೇ ಕಾರಲ್ಲಿ ದಿನಾ ಹೈವೇಯಲ್ಲಿ ಆಫೀಸಿಗೆ ಹೋಗಿ ಬರ್ತಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಅದರ ಮೇಲೆ ಎಷ್ಟೇ ಪ್ರೀತಿ ಇರಲಿ, ಬದಲಾಯಿಸಿ ಅಂತ ನೀವೇ ಹೇಳಬೇಕು. ಹೊಸದಕ್ಕೆ ದುಡ್ಡಿಲ್ಲದಿದ್ದರೆ 2019ರ ನಂತರದ ಸೆಕೆಂಡ್ ಹ್ಯಾಂಡ್ ಆದರೂ ಆಗಬಹುದು. ಹಳೇದನ್ನ ಅಧಿಕೃತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಸಿಗೋ ಪ್ರಮಾಣಪತ್ರದ ಮೇಲೆ ಹೊಸ ಖಾಸಗಿ ಕಾರಿನ ತೆರಿಗೆಯಲ್ಲಿ ಶೇ. 25ರವರೆಗೆ ರಾಜ್ಯಗಳು ರಿಯಾಯಿತಿ ಕೊಡಬಹುದು ಅಂತ ಕೇಂದ್ರದ ನಿಯಮ ಇದೆ, ಅದನ್ನೂ ವಿಚಾರಿಸಿ.

ಕೊನೆಯದಾಗಿ, ಈ ಬರಹಕ್ಕೆ ಇನ್ನೊಂದು ಕಾರಣ ಇದೆ. ಅದನ್ನ ಹೇಳೋಕೆ ಸ್ವಲ್ಪ ಮುಜುಗರ. ದೊಡ್ಡಪ್ಪ ಮೂರನೇ ಐಡಿಯಾ ಒಂದು ಕೊಟ್ಟಿದ್ರು: "ಹೊಸದು ನೀವು ಇಟ್ಕೊಳ್ಳಿ, ಝೆನ್ನು ಕಾಲೇಜಿಗೆ ಕಳಿಸಿಬಿಡಿ, ಮಕ್ಕಳು ಓಡಿಸಿಕೊಳ್ಳಲಿ." ಕೇಳಿದ ತಕ್ಷಣ ನಮಗೆ ಆದ ಖುಷಿ ಅಷ್ಟಿಷ್ಟಲ್ಲ! ಕ್ಯಾಂಪಸ್‌ನಲ್ಲಿ ಸ್ವಂತ ಕಾರು, ವೀಕೆಂಡ್ ಚಿಕ್ಕಮಗಳೂರು. ಒಂದು ರಾತ್ರಿಯಿಡೀ ಪ್ಲಾನ್ ಮಾಡಿದ್ವಿ. ಬೆಳಿಗ್ಗೆ ಎದ್ದು ಮತ್ತೆ ಯೋಚಿಸಿದಾಗ ಕಂಡದ್ದು ಇಷ್ಟು. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರೋರ ಕೈಗೆ, ಎಲ್ಲಕ್ಕಿಂತ ಕಡಿಮೆ ರಕ್ಷಣೆ ಇರೋ ಕಾರು. ಒಳಗೆ ಐದು ಜನ, ಮಧ್ಯರಾತ್ರಿ ಎರಡು ಗಂಟೆಗೆ ಹೊರಟು ಸೂರ್ಯೋದಯ ನೋಡೋ ಆತುರ, ಹಿಂದೆ ಕೂತಿರೋರು ಬೆಲ್ಟ್ ಹಾಕಲ್ಲ. ಆ ರಾತ್ರಿ ಅಪ್ಪನ ಮೂವತ್ತು ವರ್ಷದ ಅನುಭವ ಇದ್ದೂ ಉಳಿದದ್ದು ಒಂದು ಗೇಣಿನಲ್ಲಿ. ನಮ್ಮ ಕೈಯಲ್ಲಿ ಸ್ಟೀರಿಂಗ್ ಇದ್ದಿದ್ರೆ ಬ್ರೇಕ್ ಬಿಟ್ಟು ಮತ್ತೆ ಒತ್ತಬೇಕು ಅಂತ ಹೊಳೀತಿತ್ತಾ? ಪ್ರಾಮಾಣಿಕವಾಗಿ ಹೇಳ್ತೀವಿ, ಹೊಳೀತಿರಲಿಲ್ಲ.

ನಮ್ಮ ಪಾರ್ಕಿಂಗ್ ಲಾಟ್‌ಗೆ ಒಂದ್ಸಲ ಹೋಗಿ ನೋಡಿ. ಅಲ್ಲಿರೋ ಕಾರುಗಳಲ್ಲಿ ಮನೆಯಿಂದ ಬಳುವಳಿಯಾಗಿ ಬಂದ ಹಳೇ ಮ್ಯಾನ್ಯುಯಲ್ ಕಾರುಗಳೇ ಜಾಸ್ತಿ. ಅವುಗಳನ್ನ ನಾವು ಪ್ರೀತಿಸೋದು ತಪ್ಪಲ್ಲ. ಊರೊಳಗೆ ಓಡಿಸಿ, ಕ್ಲಚ್ ಕಲಿಯಿರಿ, ಬಾನೆಟ್ ಎತ್ತಿ ಒಳಗೆ ಏನಿದೆ ನೋಡಿ, ಎಷ್ಟೋ ಲ್ಯಾಬ್‌ಗಿಂತ ಜಾಸ್ತಿ ಕಲಿಸುತ್ತೆ ಅದು. ಟ್ರಿಪ್‌ಗೆ ಮಾತ್ರ ಬಸ್ಸಿಗೆ ಹೋಗಿ.

ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. "ಹೈವೇಗೆ ಬೇಡ ಅಂದ್ರೆ ಕಾರು ಇದ್ದೂ ಇಲ್ಲದಂಗೆ" ಅಂತ ಗೊಣಗ್ತಾರೆ. ಆದರೆ ಹೋದ ವಾರ ಅಜ್ಜಿಯನ್ನ ಟ್ಯಾಕ್ಸಿಯಲ್ಲೇ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದಾರೆ. ಬರ್ತಾ ದಾರಿಯುದ್ದಕ್ಕೂ ನಿದ್ದೆ ಮಾಡಿದ್ರಂತೆ, ಮಂಡಿಯೂ ನೋಯಲಿಲ್ಲವಂತೆ. ಆರ್‌ಟಿಓಗೆ ಕೊಡೋ ಕಾಗದಪತ್ರ ಫೈಲಿನಲ್ಲಿ ಸೇರಿವೆ, ವಿಮೆ, ಎಮಿಷನ್ ಎಲ್ಲ ಸರಿಯಿದೆ. ಡಿಸೆಂಬರ್‌ನಲ್ಲಿ ತಪಾಸಣೆ. ಮುಂದಿನ ಸಲ ಯಾರಾದರೂ "ಇನ್ನೂ ಅದೇ ಕಾರಾ?" ಅಂತ ಕೇಳಿದರೆ ನಕ್ಕು ಸುಮ್ಮನಾಗಬೇಕಾಗಿಲ್ಲ. ಹೌದು, ಅದೇ ಕಾರು, ಊರೊಳಗೆ ಮಾತ್ರ ಅಂತ ಹೇಳ್ತೀವಿ.